ಗುರಿ, ಗಮನ ಮತ್ತು ಗೆಲ್ಲುವ ಆಸೆ

ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿ ಇರುವುದು ಹತ್ತು ಮೀಟರ್ ದೂರದಲ್ಲಿ. ಅದರ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಗುಂಡು ಬಾಕಿ ಇದ್ದಾಗ ನಮ್ಮ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಸಮ. ಬಿಂದ್ರಾ 10.8 ಅಂಕ ಗಳಿಸಿದರು. ಹಕ್ಕಿನೆನ್‌ಗೆ ಸಿಕ್ಕಿದ್ದು 9.7. ಒಬ್ಬರಿಗೆ ಚಿನ್ನ, ಇನ್ನೊಬ್ಬರಿಗೆ ಕಂಚು. ಇಬ್ಬರ ಕೈಯೂ ಪಳಗಿದ್ದೇ, ಇಬ್ಬರಿಗೂ ಗೆಲ್ಲುವ ಆಸೆ ಇದ್ದದ್ದೇ. ಇಂಥ ಹೊತ್ತಿನಲ್ಲಿ ಕೈಯಷ್ಟೇ ಮನಸ್ಸೂ ಮುಖ್ಯ.

ಆಸೆ ಇಲ್ಲದವನು ಅಭ್ಯಾಸಕ್ಕೇ ಬರುವುದಿಲ್ಲ, ನಿಜ. ಆದರೆ ಆಸೆ ಹೆಚ್ಚಿದಷ್ಟೂ ಗುರಿ ಚೆನ್ನಾಗುತ್ತದೆ ಎಂದಲ್ಲ. 1908ರಲ್ಲಿ ಯರ್ಕೆಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಕಲಿಯಬೇಕಾದ ಕೆಲಸ ಕಷ್ಟದ್ದಾದಾಗ, ತೀರಾ ಬಲವಾದ ಒತ್ತಡಕ್ಕಿಂತ ಹದವಾದ ಒತ್ತಡದಲ್ಲೇ ಅವು ಬೇಗ ಕಲಿತವು. ಒಲೆಯ ಉರಿಯಂತೆ ಇದೂ: ಕಡಿಮೆಯಾದರೆ ಬೇಯದು, ಹೆಚ್ಚಾದರೆ ಸೀಯುತ್ತದೆ.

ಇನ್ನು ಗಮನ. ಗಮನ ಕೊಟ್ಟರಷ್ಟೇ ಸಾಲದು, ಎಲ್ಲಿ ಕೊಡುತ್ತೇವೆ ಎಂಬುದೂ ಮುಖ್ಯ. ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಕಲಿಯುವವರನ್ನು ಪರೀಕ್ಷಿಸಿದರು. ತಮ್ಮ ತೋಳಿನ ಚಲನೆಯನ್ನು ಗಮನಿಸಿದವರಿಗಿಂತ ಕೋಲಿನ ಬೀಸನ್ನು ಗಮನಿಸಿದವರ ಹೊಡೆತ ಗುರಿಗೆ ಹತ್ತಿರವಾಗಿತ್ತು. ನೋಟು ಎಣಿಸುವವನು ತನ್ನ ಬೆರಳನ್ನೇ ನೋಡುತ್ತ ಕುಳಿತರೆ ಲೆಕ್ಕ ತಪ್ಪುವುದಿಲ್ಲವೇ? ಹಾಗೆಯೇ ಇದು. ಬ್ಯಾಸ್ಕೆಟ್‌ಬಾಲ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದ ಜೋನ್ ವಿಕರ್ಸ್ ಅವರಿಗೆ, ನುರಿತವರ ನೋಟ ಚೆಂಡು ಎಸೆಯುವ ಮೊದಲು ಬುಟ್ಟಿಯ ಮೇಲೆ ಹೆಚ್ಚು ಹೊತ್ತು ನೆಲೆಸುವುದು ಕಂಡುಬಂತು.

ನಮ್ಮ ಶಾಲೆಗಳ ಮೈದಾನಕ್ಕೂ ಇದು ಸಲ್ಲುತ್ತದೆ. ವಾಲಿಬಾಲ್ ಸರ್ವಿಸ್ ಮಾಡಲು ನಿಂತ ಹುಡುಗಿಗೆ ಬದಿಯಿಂದ “ಮೊಣಕೈ ನೋಡು! ತಪ್ಪಿದರೆ ಸೋತೆವು!” ಎಂದು ಕೂಗುತ್ತೇವೆ. ಮೊದಲ ಮಾತು ಗಮನವನ್ನು ಚೆಂಡಿನಿಂದ ಮೈಗೆ ಎಳೆಯುತ್ತದೆ, ಎರಡನೆಯದು ಮನಸ್ಸಿಗೆ ಭಯ ತುಂಬುತ್ತದೆ. ಅದರ ಬದಲು ಚೆಂಡು ಬೀಳಬೇಕಾದ ಜಾಗವನ್ನು ಮೊದಲೇ ತೋರಿಸಿ, ಆಮೇಲೆ ಸುಮ್ಮನಿರುವುದು ಒಳ್ಳೆಯದು. ತಿದ್ದುವ ಮಾತುಗಳಿಗೆ ಮರುದಿನದ ಅಭ್ಯಾಸವಿದೆ. ಪ್ರತಿ ಸಲವೂ ಒಂದೇ ಕ್ರಮದಲ್ಲಿ ಉಸಿರೆಳೆದು, ಗುರಿ ನೋಡಿ, ಹೊಡೆಯುವ ರೂಢಿ ಮಕ್ಕಳಿಗೆ ಬಂದರೆ, ಪಂದ್ಯದ ದಿನ ಅದೇ ಅವರ ಕೈ ಹಿಡಿಯುತ್ತದೆ.

ಕಪ್ಪು ಒಂದು ತಂಡಕ್ಕಷ್ಟೇ ಸಿಗುವುದು. ಹೆದರದೆ ಮತ್ತೆ ಮೈದಾನಕ್ಕೆ ಬರುವ ಮನಸ್ಸು ಎಲ್ಲ ಮಕ್ಕಳಿಗೂ ಸಿಗಬೇಕು. ಅದು ನಮ್ಮ ನಾಲಗೆಯ ಹಿಡಿತದಲ್ಲಿದೆ.