ಬೆಟ್ಟ ಸೆರೆಯೂ ಹೌದು, ಸಿರಿಯೂ ಹೌದು
(ಕಬ್ಬಾಳಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಬ್ಬಾಳಮ್ಮನ ಬೆಟ್ಟದ ಬುಡದಲ್ಲಿ ನಿಂತು ಸ್ವಿಟ್ಜರ್ಲೆಂಡಿನ ಸುದ್ದಿ ಹೇಳುವುದು ಅಧಿಕಪ್ರಸಂಗವೆನಿಸೀತು. ಆದರೆ ಆಲ್ಪ್ಸ್ ಪರ್ವತಗಳ ನಡುವೆ ಸುತ್ತಾಡುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಬೆಟ್ಟವೇ. ಅದಕ್ಕೆ ಕಾರಣವಿದೆ.

ಎರಡು ಇಸವಿಗಳನ್ನು ಗಮನಿಸಿ. 1732ರಲ್ಲಿ ಮೈಸೂರಿನ ಸಿಂಹಾಸನವೇರಿದ ಚಾಮರಾಜ ಒಡೆಯರನ್ನು ಎರಡೇ ವರ್ಷದಲ್ಲಿ ದಳವಾಯಿಗಳು ಕೆಳಗಿಳಿಸಿದರು. ಅವರನ್ನು ಸೆರೆಯಿಟ್ಟದ್ದು ಇದೇ ಕಬ್ಬಾಳದುರ್ಗದಲ್ಲಿ. ಅವರು ಕೊನೆಯುಸಿರೆಳೆದದ್ದೂ ಇಲ್ಲಿಯೇ. ಹೈದರ್, ಟಿಪ್ಪು ಕಾಲದಲ್ಲೂ ಇದು ಸೆರೆಮನೆಯಾಗಿತ್ತು. ದುರ್ಗವೆಂದರೆ ಜನ ನಡುಗುತ್ತಿದ್ದರು.

ಅದೇ 1732ರಲ್ಲಿ ಬರ್ನ್ ನಗರದ ವೈದ್ಯ ಆಲ್ಬ್ರೆಕ್ಟ್ ಫಾನ್ ಹಾಲರ್ ಆಲ್ಪ್ಸ್ ಕುರಿತು ಬರೆದ ಕಾವ್ಯ ಪ್ರಕಟವಾಯಿತು. ಅಲ್ಲಿಯವರೆಗೆ ಯುರೋಪಿನವರಿಗೂ ಪರ್ವತವೆಂದರೆ ಭಯವೇ. ಅಲ್ಲಿ ರೆಕ್ಕೆಯ ಘಟಸರ್ಪಗಳಿವೆಯೆಂದು ಪಂಡಿತರೇ ನಂಬಿ ಬರೆದಿದ್ದರು. ಹಾಲರನ ಕಾವ್ಯ, ಆಮೇಲೆ ರೂಸೋ ಬರಹಗಳು ಜನರ ಕಣ್ಣನ್ನು ಬದಲಿಸಿದವು. ಬೆಟ್ಟ ಇದ್ದಲ್ಲೇ ಇತ್ತು. ನೋಡುವ ಬಗೆ ಬೇರೆಯಾಯಿತು. 1863ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನಿಂದ ಮೊದಲ ಪ್ರವಾಸಿ ತಂಡವನ್ನು ಅಲ್ಲಿಗೆ ಕರೆತಂದ.

ಆ ತಂಡ ಕಂಡ ಇಂಟರ್ಲಾಕನ್ ಎಂಬ ಊರಿಗೆ ನಾನೂ ಹೋಗಿದ್ದೆ. ಹೆಸರಿನ ಅರ್ಥವೇ 'ಸರೋವರಗಳ ನಡುವೆ' ಎಂದು. ಒಂದು ಕಡೆ ಥೂನ್, ಇನ್ನೊಂದು ಕಡೆ ಬ್ರಿಯೆಂಟ್ಸ್ ಸರೋವರ. ಹಿಂದೆ ಹಿಮನದಿಗಳು ಕಣಿವೆಯನ್ನು ಕೊರೆದು, ಕರಗಿ ಬಿಟ್ಟುಹೋದ ನೀರು ಒಂದೇ ಸರೋವರವಾಗಿತ್ತು. ಬೆಟ್ಟದ ಹೊಳೆಗಳು ಹೊತ್ತು ತಂದ ಮಣ್ಣು, ಕಲ್ಲು ನಡುವೆ ತುಂಬಿ ಅದು ಎರಡಾಯಿತು. ಬ್ರಿಯೆಂಟ್ಸ್ ಸರೋವರದ ಆಳ ಸುಮಾರು 260 ಮೀಟರ್. ನಮ್ಮ ಕೆರೆಗಳ ಕಥೆ ಬೇರೆ. ಇವನ್ನು ಹಿಮ ಕೊರೆಯಲಿಲ್ಲ. ನಮ್ಮ ಹಿರಿಯರು ಏರಿ ಕಟ್ಟಿ, ತೂಬು ಇಟ್ಟು ಮಾಡಿದರು. ಅಲ್ಲಿನ ಸರೋವರ ತಾನಾಗಿ ಉಳಿದೀತು, ನಮ್ಮ ಕೆರೆ ಹೂಳು ತೆಗೆಯದಿದ್ದರೆ ಉಳಿಯದು.

ಇಂಟರ್ಲಾಕನ್‌ನಿಂದ ಕಾಣುವ ಯುಂಗ್‌ಫ್ರಾವ್ ಶಿಖರದ ಹೆಗಲಿಗೆ ರೈಲು ಹೋಗುತ್ತದೆ. ಬಂಡೆಯೊಳಗೆ ಸುರಂಗ ಕೊರೆಯಲು 16 ವರ್ಷ ಹಿಡಿಯಿತು. 1912ರಲ್ಲಿ ತೆರೆದ ಕೊನೆಯ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಮೊದಲು ಪ್ರವಾಸಿಗರು ಬರುತ್ತಿದ್ದುದು ಬೇಸಿಗೆಯಲ್ಲಿ ಮಾತ್ರ. ಚಳಿಗಾಲದಲ್ಲಿ ಹಿಮ ಬಿದ್ದರೆ ರೈತನಿಗೆ ಕೆಲಸವಿಲ್ಲ, ದನ ಕೊಟ್ಟಿಗೆಯಲ್ಲಿ. 19ನೇ ಶತಮಾನದ ಕೊನೆಗೆ ನಾರ್ವೆಯಿಂದ ಸ್ಕೀ ಬಂತು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಆಟ ಇದು. ಬೇಸಿಗೆಯಲ್ಲಿ ದನ ಮೇಯುವ ಹುಲ್ಲುಗಾವಲೇ ಚಳಿಗಾಲದಲ್ಲಿ ಆಟದ ಬಯಲಾಗಿ ದುಡಿಮೆ ಕೊಟ್ಟಿತು.

ನನಗೆ ಹೆಚ್ಚು ಹಿಡಿಸಿದ್ದು ಬ್ರಿಯೆಂಟ್ಸ್ ಊರು. 19ನೇ ಶತಮಾನದ ಆರಂಭದ ಕಷ್ಟದ ದಿನಗಳಲ್ಲಿ ಕ್ರಿಶ್ಚಿಯನ್ ಫಿಷರ್ ಎಂಬಾತ ಮರ ಕೆತ್ತಿ ಪ್ರವಾಸಿಗರಿಗೆ ಮಾರತೊಡಗಿದ. ನೆರೆಹೊರೆಯವರೂ ಕಲಿತರು. 1884ರಲ್ಲಿ ಕೆತ್ತನೆ ಶಾಲೆಯೇ ಶುರುವಾಗಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಮರದ ಕರಡಿಯನ್ನು ಕೈಯಲ್ಲಿ ಹಿಡಿದಾಗ ಚನ್ನಪಟ್ಟಣದ ಆಲೆಮರ, ಅರಗಿನ ಬಣ್ಣ, ಕಡತದ ಯಂತ್ರದ ಸದ್ದು ನೆನಪಾಯಿತು. ಕುಶಲತೆಯಲ್ಲಿ ನಮ್ಮವರೇನೂ ಕಡಿಮೆಯಿಲ್ಲ. ಬಂದ ಪ್ರವಾಸಿ ಕೆತ್ತುವವನ ಮನೆ ಬಾಗಿಲಿಗೇ ಬರುವುದು ಅಲ್ಲಿನ ಅನುಕೂಲ.

ಇಷ್ಟು ಕೇಳಿ ಅಲ್ಲಿ ಎಲ್ಲವೂ ಸುಖವೆಂದು ತಿಳಿಯಬೇಡಿ. ಅದೇ ಸರೋವರದ ದಡದಲ್ಲಿ ಇಸೆಲ್ಟ್‌ವಾಲ್ಟ್ ಎಂಬ ಸುಮಾರು 400 ಜನರ ಹಳ್ಳಿಯಿದೆ. ಕೊರಿಯಾದ ಟಿವಿ ಧಾರಾವಾಹಿಯೊಂದರಲ್ಲಿ ಅಲ್ಲಿನ ದೋಣಿಕಟ್ಟೆ ಕಾಣಿಸಿದ್ದೇ ತಡ, ಫೋಟೋ ತೆಗೆಸಿಕೊಳ್ಳಲು ಜನ ಮುಗಿಬಿದ್ದರು. ಊರವರು ತಮ್ಮ ಬೀದಿಯಲ್ಲಿ ತಾವೇ ನಡೆಯಲಾರದಂತಾಯಿತು. ಕೊನೆಗೆ ಕಟ್ಟೆಗೆ ಗೇಟು ಹಾಕಿ 5 ಫ್ರಾಂಕ್ ಶುಲ್ಕ ಇಟ್ಟರು. ಹಿಮದ ಸ್ಥಿತಿಯೂ ಚೆನ್ನಾಗಿಲ್ಲ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ಶೇಕಡಾ 10ರಷ್ಟು ಕರಗಿದವು. ಸ್ಕೀ ಆಟಕ್ಕೆ ಈಗ ಹಲವೆಡೆ ಯಂತ್ರದಿಂದ ನೀರು ಸಿಂಪಡಿಸಿ ಹಿಮ ಮಾಡಬೇಕಾಗಿದೆ.

ಸಿನಿಮಾ ಕಂಡು ಜನ ಬರುವುದು ನಮಗೂ ಹೊಸದಲ್ಲ. 1975ರಲ್ಲಿ 'ಶೋಲೆ' ತೆರೆಕಂಡ ಮೇಲೆ ರಾಮನಗರದ ಬಂಡೆಗಳು ದೇಶಕ್ಕೆಲ್ಲ ಪರಿಚಯವಾದವು. ಅದೇ ಬಂಡೆಗಳ ಸಂದಿನಲ್ಲಿ ರಣಹದ್ದು ಗೂಡು ಕಟ್ಟುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತಿತ್ತು? 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಹಕ್ಕಿ ಗೂಡಿಗೆ ಬೇಕಾದದ್ದು ಸದ್ದಿಲ್ಲದ ಬಂಡೆ. ಪ್ರವಾಸಿಗೆ ಬೇಕಾದದ್ದು ಹತ್ತಲು ಬಂಡೆ. ಎರಡನ್ನೂ ಸರಿದೂಗಿಸಬೇಕು.

ಈಗ ಕಬ್ಬಾಳಿಗೂ ಅದೇ ಕಾಲ ಬಂದಿದೆ. ತಾಯಿಯ ಹರಕೆಗೆ ಬರುವವರ ಜೊತೆಗೆ, ರಜಾದಿನಗಳಲ್ಲಿ ಬೆಂಗಳೂರಿನ ಹುಡುಗರು ದುರ್ಗ ಹತ್ತಲು ಬರುತ್ತಾರೆ. ಒಂದು ಕಾಲಕ್ಕೆ ಒಲ್ಲದವರನ್ನು ಎಳೆತಂದು ಹತ್ತಿಸುತ್ತಿದ್ದ ಬೆಟ್ಟವನ್ನು ಇಂದು ಜನ ಖುಷಿಯಿಂದ ಹತ್ತುತ್ತಾರೆ. ಸಂತೋಷವೇ. ಆದರೆ ಅವರು ಎಸೆದುಹೋಗುವ ಬಾಟಲಿಯನ್ನು ಯಾರು ಆಯಬೇಕು? ಬೆಟ್ಟದ ದಾರಿ ತೋರಿಸುವ ಕೆಲಸ, ಊಟ ಹಾಕುವ ಕೆಲಸ ಯಾರಿಗೆ ಸಿಗಬೇಕು? ಒಂದು ದಿನಕ್ಕೆ ಎಷ್ಟು ಜನ ಹತ್ತಬಹುದು? ಇಸೆಲ್ಟ್‌ವಾಲ್ಟಿನವರು ಈ ಲೆಕ್ಕ ಹಾಕಿದ್ದು ಜನ ನುಗ್ಗಿದ ಮೇಲೆ. ನಿಮಗಿನ್ನೂ ಸಮಯವಿದೆ. ಒಂದು ಸಂಜೆ ಊರವರೆಲ್ಲ ಕೂತು ಮಾತಾಡಿ, ತೀರ್ಮಾನ ನಿಮ್ಮದೇ ಆಗಿರಲಿ.