ಹೊಸ ಸಲಹಾ ಸಂಸ್ಥೆಗೆ ಮೊದಲ ಗ್ರಾಹಕ

(ಹೈದರಾಬಾದಿನಲ್ಲಿ ಕನ್ನಡ ತರುಣ ಉದ್ಯಮಿಗಳ ಕೂಟದಲ್ಲಿ ನೀಡಿದ ಉಪನ್ಯಾಸ)



ಎರಡು ವರ್ಷಗಳ ಹಿಂದೆ ಒಂದು ಭಾನುವಾರ ನಮ್ಮ ಸಂಘದ ತರುಣ ಎಂಜಿನಿಯರೊಬ್ಬರು ನನ್ನ ಮನೆಗೆ ಬಂದರು. ಹತ್ತು ವರ್ಷಗಳ ನೌಕರಿ ಬಿಟ್ಟು, ವಸತಿ ಸಮುಚ್ಚಯಗಳಿಗೆ ಕೊಳಚೆ ನೀರಿನ ಶುದ್ಧೀಕರಣ ಮತ್ತು ಮಳೆನೀರು ಸಂಗ್ರಹದ ಬಗ್ಗೆ ಸಲಹೆ ನೀಡುವ ಪುಟ್ಟ ಸಂಸ್ಥೆಯೊಂದನ್ನು ಆರಂಭಿಸಿದ್ದರು. ನಾಮಫಲಕ ಏರಿತ್ತು, ವಿಸಿಟಿಂಗ್ ಕಾರ್ಡು ಅಚ್ಚಾಗಿತ್ತು; ಆರು ತಿಂಗಳಾದರೂ ಗ್ರಾಹಕ ಮಾತ್ರ ಬಂದಿರಲಿಲ್ಲ. "ಸರ್, ನಿಮಗೆ ಪರಿಚಯವಿರುವ ಇಲಾಖೆಗಳಲ್ಲಿ ಒಂದು ಮಾತು ಹೇಳಿ" ಎಂದರು. ಸರ್ಕಾರಿ ನೌಕರನಾದ ನಾನು ಹಾಗೆ ಹೇಳುವಂತಿಲ್ಲ ಎಂದೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ನಾನು ನಿರಾಕರಿಸಿದ್ದು ಸರಿ. ಅಲ್ಲಿಗೇ ಮಾತು ನಿಲ್ಲಿಸಿದ್ದು ತಪ್ಪು. ಅಂದು ಹೇಳದೆ ಉಳಿದದ್ದನ್ನು ಇಂದು ಹೇಳಬಯಸುತ್ತೇನೆ.

ಸರ್ಕಾರ ದೊಡ್ಡ ಗ್ರಾಹಕ, ನಿಜ. 2012ರ ಸಾರ್ವಜನಿಕ ಖರೀದಿ ನೀತಿ ಆದೇಶವು ಕಿರು ಮತ್ತು ಸಣ್ಣ ಉದ್ಯಮಗಳಿಗೆ ಟೆಂಡರಿನ ಮುಂಗಡ ಠೇವಣಿಯಿಂದ ವಿನಾಯಿತಿ ನೀಡಿದೆ. 2020ರಲ್ಲಿ ಬಂದ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಅದನ್ನು ತಪ್ಪದೆ ಮಾಡಿಸಿಕೊಳ್ಳಿ. ಆದರೆ ಸಲಹಾ ಸೇವೆಯ ಟೆಂಡರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಅನುಭವಕ್ಕೂ ಅಂಕಗಳಿರುತ್ತವೆ. ಹೊಸಬರು ಸೋಲುವುದು ಅಲ್ಲಿಯೇ. ಸರ್ಕಾರ ನಿಮ್ಮ ಐದನೆಯ ಗ್ರಾಹಕನಾದೀತು, ಮೊದಲನೆಯದಾಗುವುದು ಕಷ್ಟ.

ಒಂದು ಸಂಗತಿಯನ್ನು ಗಮನಿಸಿ. 2017ರ ಸಾಮಾನ್ಯ ಹಣಕಾಸು ನಿಯಮಗಳು ಹೊರಬಂದಾಗ, 25 ಲಕ್ಷ ರೂಪಾಯಿವರೆಗಿನ ಸಲಹಾ ಕೆಲಸಕ್ಕೆ ಇತರ ಇಲಾಖೆಗಳನ್ನು, ವಾಣಿಜ್ಯ ಮಂಡಳಿಗಳನ್ನು, ಸಲಹೆಗಾರರ ಸಂಘಗಳನ್ನು ಅನೌಪಚಾರಿಕವಾಗಿಯೂ ವಿಚಾರಿಸಿ ಹೆಸರುಗಳ ಪಟ್ಟಿ ಮಾಡಬಹುದೆಂದು 183ನೆಯ ನಿಯಮ ಹೇಳಿತು. ಅಂದರೆ ಸರ್ಕಾರವೂ "ಈ ಕೆಲಸ ಬಲ್ಲವರು ಯಾರು?" ಎಂದೇ ಕೇಳುತ್ತದೆ. ಆಗ ನಿಮ್ಮ ಹೆಸರು ಹೇಳುವ ಒಂದು ಬಾಯಿ ಬೇಕು. ಶಿಫಾರಸು ಮಾಡುವವನು ನಿಮ್ಮ ಊರು, ಮನೆತನ ಬಲ್ಲ. ಹೆಸರು ಹೇಳುವವನು ನಿಮ್ಮ ಕೆಲಸ ಬಲ್ಲ.

ಇದಕ್ಕೆ ಈ ನಗರವೇ ಸಾಕ್ಷಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ತತ್ತರಿಸಿದಾಗ, ಮುಂಬಯಿ ಸರ್ಕಾರದ ಸೇವೆ ತೊರೆದು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಬಂತು. ಪುಣೆಯ ಬಳಿಯ ಖಡಕವಾಸಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳೂ ಏಡನ್ ನಗರದ ನೀರು ಸರಬರಾಜಿನ ಯೋಜನೆಯೂ ಆಗಲೇ ಅವರ ಪರವಾಗಿ ಮಾತಾಡುತ್ತಿದ್ದವು. ನಾವು ವಿಶ್ವೇಶ್ವರಯ್ಯನವರಲ್ಲ, ಆದರೆ ಕೆಲಸ ಮುಂದೆ, ಕರೆ ಹಿಂದೆ ಎಂಬ ಕ್ರಮ ನಮಗೂ ಅದೇ.

ಆದ್ದರಿಂದ ನೌಕರಿಯಲ್ಲಿದ್ದಾಗ ನಿಮ್ಮ ಕೆಲಸ ಕಂಡವರ ಪಟ್ಟಿ ಮಾಡಿ: ಸಹೋದ್ಯೋಗಿಗಳು, ಗುತ್ತಿಗೆದಾರರು, ಸಾಮಗ್ರಿ ಒದಗಿಸಿದವರು. ಹಳೆಯ ಸಂಸ್ಥೆಯೊಡನೆ ಮಾಡಿಕೊಂಡ ಕರಾರನ್ನು ಮೀರದೆ ಅವರನ್ನು ಖುದ್ದಾಗಿ ಕಾಣಿರಿ. "ಎಲ್ಲವನ್ನೂ ಮಾಡುತ್ತೇನೆ" ಎನ್ನದೆ, ಹದಿನೈದು ದಿನಗಳಲ್ಲಿ ಮುಗಿಯುವ ಒಂದು ಸಣ್ಣ ಕೆಲಸವನ್ನು ಮುಂದಿಡಿ. ವ್ಯಾಪ್ತಿ, ಅವಧಿ, ಶುಲ್ಕ ಮೂರನ್ನೂ ಬರೆದುಕೊಡಿ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ, ಒಪ್ಪಂದ ಏನೇ ಇದ್ದರೂ ನೋಂದಾಯಿತ ಸಣ್ಣ ಉದ್ಯಮದ ಹಣವನ್ನು 45 ದಿನ ಮೀರಿ ತಡೆಹಿಡಿಯುವಂತಿಲ್ಲ. ಕೆಲಸ ಮುಗಿದ ಮೇಲೆ ಒಂದು ಪ್ರಮಾಣಪತ್ರವನ್ನೂ ಇಂಥ ಕೆಲಸ ಬೇಕಾದ ಇನ್ನಿಬ್ಬರ ಹೆಸರನ್ನೂ ಕೇಳಿ ಪಡೆಯಿರಿ.

ಆ ತರುಣರಿಗೆ ದಾರಿ ತೆರೆದದ್ದೂ ಹೀಗೆಯೇ. ಹಿಂದೆ ಅವರೊಡನೆ ಪಂಪು ಅಳವಡಿಸುತ್ತಿದ್ದ ಗುತ್ತಿಗೆದಾರರೊಬ್ಬರು ತಾವಿರುವ ವಸತಿ ಸಮುಚ್ಚಯದ ಸಮಿತಿಗೆ ಅವರ ಹೆಸರು ಹೇಳಿದರು. ಕೆಟ್ಟುನಿಂತಿದ್ದ ಶುದ್ಧೀಕರಣ ಘಟಕದ ಪರಿಶೀಲನೆ, ಎಂಟು ಪುಟಗಳ ವರದಿ. ಅದೇ ಮೊದಲ ಗಳಿಕೆ. ಆ ವರದಿಯನ್ನು ಕಂಡ ನೆರೆಯ ಎರಡು ಸಮುಚ್ಚಯಗಳು ಅವರನ್ನು ಕರೆದವು.

ಇನ್ನು ನಮ್ಮ ಮಾತು. ಗ್ರಾಹಕರಿಲ್ಲದ ಆ ಆರು ತಿಂಗಳಲ್ಲೇ ನಾವು ಅವರಿಂದ ಸಂಘದ ಕಟ್ಟಡದ ತೊಟ್ಟಿ, ಕೊಳವೆಬಾವಿಗಳನ್ನು ಪರೀಕ್ಷೆ ಮಾಡಿಸಿಕೊಂಡಿದ್ದೆವು. ಶುಲ್ಕದ ಮಾತೆತ್ತದೆ ರಾಜ್ಯೋತ್ಸವದಂದು ಶಾಲು ಹೊದಿಸಿದೆವು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಶಾಲಿನಿಂದ ಕಚೇರಿಯ ಬಾಡಿಗೆ ತೀರದು. ಅಂದು ಸಂಘವು ಸಣ್ಣ ಮೊತ್ತದ ಬಿಲ್ಲೊಂದನ್ನು ಪಾವತಿಸಿ, ಕೆಲಸದ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟಿದ್ದರೆ, ಅವರ ಮೊದಲ ಗ್ರಾಹಕ ನಾವೇ ಆಗಿರುತ್ತಿದ್ದೆವು. ಅವರು ನನ್ನ ಮನೆಯ ಬಾಗಿಲಿಗೆ ಬರಬೇಕಾಗಿರಲಿಲ್ಲ.

ಕನ್ನಡಿಗರೆಂಬ ಕಾರಣಕ್ಕೆ ಕೆಲಸ ಕೊಡಿ ಎನ್ನುವುದಿಲ್ಲ. ನಮ್ಮವರಿಂದ ಕೆಲಸ ಪಡೆದರೆ ಶುಲ್ಕ ಕೊಡೋಣ. ಚೆನ್ನಾಗಿದ್ದರೆ ನಾಲ್ಕು ಜನಕ್ಕೆ ಹೇಳೋಣ. ಕುಂದಿದ್ದರೆ ಅವರಿಗೇ ಹೇಳೋಣ. ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲಿ ಇದನ್ನು ನಿರ್ಣಯವಾಗಿ ಅಂಗೀಕರಿಸಲಿ ಎಂದು ಕೋರುತ್ತೇನೆ.