ಇಂಗ್ಲಿಷ್ ಬಹುವಚನ ಮತ್ತು ನಮ್ಮ ಮಕ್ಕಳ ಮನೆಮಾತು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ವ್ಯಾಕರಣದ ಮೇಲೆ ಭಾಷಣ ಎಂದರೆ ಕೆಲವರಿಗೆ ನಿದ್ದೆ ಬರುವುದುಂಟು. ಆದ್ದರಿಂದ ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ನಾನು ಹೊಸದಾಗಿ ಶಿಕ್ಷಕ ವೃತ್ತಿಗೆ ಸೇರಿದಾಗಿನ ಮಾತು. ಆರನೇ ತರಗತಿಯಲ್ಲಿ ಎರಡು ಪುಸ್ತಕ ಎತ್ತಿ ಹಿಡಿದು, ಇದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದೆ. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ‘ಟೂ ಬುಕ್ಕಾಂ’ ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆ ವರ್ಷ ಆ ಹುಡುಗಿ ಮತ್ತೆ ಕೈ ಎತ್ತಲಿಲ್ಲ. ಅಂದು ನಾನು ನಗಬಾರದಿತ್ತು ಎಂಬುದು ಮಾತ್ರವಲ್ಲ, ಆ ಹುಡುಗಿಯ ಉತ್ತರ ಮುಕ್ಕಾಲು ಪಾಲು ಸರಿಯಾಗಿತ್ತು ಎಂಬುದು ನನಗೆ ಹೊಳೆಯಲು ಕೆಲವು ವರ್ಷ ಬೇಕಾಯಿತು.

ಹೇಗೆ ಸರಿ? ನೋಡಿ. ಕನ್ನಡದಲ್ಲಿ ನಾವು ‘ಎರಡು ಪುಸ್ತಕ’, ‘ಹತ್ತು ಮರ’, ‘ಐದು ಎಕರೆ’ ಎನ್ನುತ್ತೇವೆ. ಸಂಖ್ಯೆ ಮುಂದೆ ಬಂದರೆ ವಸ್ತುವಿನ ಹೆಸರಿಗೆ ‘ಗಳು’ ಹಚ್ಚಲೇಬೇಕೆಂದಿಲ್ಲ. ಅದಕ್ಕೇ ಕನ್ನಡ ಮಾತಾಡುವ ಮಗು ಸಹಜವಾಗಿ ‘ಟೂ ಬುಕ್’ ಎಂದು ಬರೆಯುತ್ತದೆ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಒಂದಕ್ಕಿಂತ ಹೆಚ್ಚಾದರೆ, ಮುಂದೆ ಸಂಖ್ಯೆ ಇದ್ದರೂ ಇಲ್ಲದಿದ್ದರೂ, ನಾಮಪದಕ್ಕೆ ಗುರುತು ಬೇಕೇ ಬೇಕು. ಆ ಹುಡುಗಿ ಗುರುತು ಹಚ್ಚಿದ್ದಳು. ಇಂಗ್ಲಿಷಿನ ‘ಎಸ್’ ಇರಬೇಕಾದ ಜಾಗದಲ್ಲಿ ಮನೆಯ ‘ಆಂ’ ಇಟ್ಟಿದ್ದಳು, ಅಷ್ಟೇ. ನಿಯಮ ಗೊತ್ತಿತ್ತು, ಪ್ರತ್ಯಯ ಮಾತ್ರ ಗೊತ್ತಿರಲಿಲ್ಲ.

ಈ ‘ಆಂ’ ಎಲ್ಲಿಂದ ಬಂತು? ಆಳಂದ, ಅಫಜಲಪುರ, ಜೇವರ್ಗಿಯ ನಮ್ಮ ಮನೆಗಳಲ್ಲಿ ಆಡುವುದು ದಖ್ಖನಿ. ಲೋಗಾಂ, ಬಾತಾಂ, ಘರಾಂ, ಝಾಡಾಂ, ಕಿತಾಬಾಂ. ಶಾಲೆಯ ಪುಸ್ತಕದ ಉರ್ದುವಿನಲ್ಲಿ ಕಿತಾಬ್‌ಗೆ ಕಿತಾಬೇಂ, ಲಡಕಾಗೆ ಲಡಕೇ, ಘರ್‌ಗೆ ಮತ್ತೆ ಘರ್. ಅಲ್ಲಿ ಪದದ ಲಿಂಗ ನೋಡಿ, ಕೊನೆಯ ಅಕ್ಷರ ನೋಡಿ ಬಹುವಚನ ಮಾಡಬೇಕು. ದಖ್ಖನಿಯಲ್ಲಿ ಹೆಚ್ಚಿನ ಪದಗಳಿಗೆ ಒಂದೇ ‘ಆಂ’ ಸಾಕು. ಹೊರಗಿನಿಂದ ಬಂದ ಬಸ್ಸಿಗೂ ಬಸ್ಸಾಂ, ಫೋನಿಗೂ ಫೋನಾಂ. ಇಂಗ್ಲಿಷಿನ ‘ಎಸ್’ ಕೂಡ ಇದೇ ರೀತಿ ಲಿಂಗ ಕೇಳುವುದಿಲ್ಲ. ಈ ಒಂದು ವಿಷಯದಲ್ಲಿ ಪುಸ್ತಕದ ಉರ್ದುವಿಗಿಂತ ನಮ್ಮ ಮನೆಯ ಮಾತೇ ಇಂಗ್ಲಿಷಿಗೆ ಹತ್ತಿರ.

ಇದನ್ನು ಕೆಲವರು ‘ಬಿಗಡಿ ಹುಯೀ ಉರ್ದು’ ಎಂದು ಹೀಯಾಳಿಸುತ್ತಾರೆ. ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಷಾಹ ಕವಿತೆ ಬರೆದದ್ದು, ಮುಲ್ಲಾ ವಜಹಿ 1635ರಲ್ಲಿ ‘ಸಬ್ ರಸ್’ ಬರೆದದ್ದು, ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಷಾಹ ‘ಕಿತಾಬೆ ನೌರಸ್’ ರಚಿಸಿದ್ದು ದಖ್ಖನಿಯಲ್ಲೇ. ಇಂಥ ಇತಿಹಾಸವುಳ್ಳ ಮಾತಿಗೆ ನಾಚಿಕೊಳ್ಳುವುದು ಏಕೆ? ಪರೀಕ್ಷೆಯಲ್ಲಿ ಕಿತಾಬೇಂ ಎಂದೇ ಬರೆಯಬೇಕು, ಅದನ್ನು ನಾನೂ ಕಲಿಸುತ್ತೇನೆ. ಆದರೆ ಕಲಿಸುವುದು ಬೇರೆ, ನಗುವುದು ಬೇರೆ.

ಇನ್ನು ‘ಎಸ್’ ಹಚ್ಚದೆ ಬದಲಾಗುವ ಪದಗಳಿವೆ. ಮ್ಯಾನ್ ಹೋಗಿ ಮೆನ್, ಫುಟ್ ಹೋಗಿ ಫೀಟ್. ಇದೇನು ವಿಚಿತ್ರ ಎಂದು ಮಕ್ಕಳು ಕೇಳುತ್ತಾರೆ. ನಮಗೆ ಇದು ವಿಚಿತ್ರವಲ್ಲ. ಅರಬ್ಬಿಯಿಂದ ಉರ್ದುವಿಗೆ ಬಂದ ಕಿತಾಬ್ ಪದದ ಇನ್ನೊಂದು ಬಹುವಚನ ಕುತುಬ್. ಕುತುಬ್‌ಖಾನಾ ಎಂದರೆ ಪುಸ್ತಕಗಳ ಮನೆ. ಮಸ್ಜಿದ್‌ಗೆ ಮಸಾಜಿದ್, ಮದ್ರಸಾಗೆ ಮದಾರಿಸ್. ಹೊರಗೆ ಏನೂ ಅಂಟಿಸದೆ ಒಳಗಿನ ಸ್ವರವನ್ನೇ ಬದಲಿಸುವುದು. ಚೈಲ್ಡ್ ಹೋಗಿ ಚಿಲ್ಡ್ರನ್ ಆಗುವುದಕ್ಕೆ ಕನ್ನಡದಲ್ಲೇ ಜೋಡಿ ಇದೆ: ಮಗು, ಮಕ್ಕಳು. ನಾವು ‘ಮಗುಗಳು’ ಎನ್ನುವುದಿಲ್ಲವಲ್ಲ! ಹಾಗೆಯೇ ‘ಚಿಲ್ಡ್ರನ್ಸ್ ಆರ್ ಪ್ಲೇಯಿಂಗ್’ ಎನ್ನುವುದು ‘ಮಕ್ಕಳುಗಳು ಆಡುತ್ತಿದ್ದಾರೆ’ ಎಂದಂತೆ.

ರೂಪ ಒಂದು, ಅರ್ಥ ಇನ್ನೊಂದು ಆಗಿರುವ ಪದಗಳೂ ಇವೆ. ಇಂಗ್ಲಿಷಿನ ‘ನ್ಯೂಸ್’ ನೋಡಲು ಬಹುವಚನ, ವಾಕ್ಯದಲ್ಲಿ ಏಕವಚನ: ದಿಸ್ ನ್ಯೂಸ್ ಈಸ್ ಗುಡ್. ಉರ್ದುವಿನ ‘ಅಖಬಾರ್’ ಮೂಲದಲ್ಲಿ ಖಬರ್ ಪದದ ಬಹುವಚನ. ನಾವು ಅದನ್ನು ಒಂದು ಪತ್ರಿಕೆಗೆ ಬಳಸುತ್ತೇವೆ. ಕನ್ನಡದಲ್ಲಿ ‘ಅವನೆಂಥ ಅಸಾಮಿ’ ಎನ್ನುತ್ತೇವೆ. ಆ ‘ಅಸಾಮಿ’ಯೂ ಅರಬ್ಬಿಯಲ್ಲಿ ಹೆಸರು ಎಂಬರ್ಥದ ‘ಇಸ್ಮ್’ ಪದದ ಬಹುವಚನದಿಂದ ಬಂದದ್ದೇ. ಹೀಗೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಎಣಿಸುವ ವಸ್ತು, ಅಳೆಯುವ ವಸ್ತು ಎಂಬ ಭೇದವನ್ನು ರೈತರ ಮಕ್ಕಳಿಗೆ ಹೇಳಿಕೊಡುವುದು ಸುಲಭ. ಅಕ್ಕಿಯನ್ನು ಯಾರೂ ಕಾಳು ಕಾಳಾಗಿ ಎಣಿಸುವುದಿಲ್ಲ, ಚೀಲ ಎಣಿಸುತ್ತಾರೆ. ಆದ್ದರಿಂದ ‘ಟೂ ರೈಸಸ್’ ಇಲ್ಲ, ‘ಟೂ ಬ್ಯಾಗ್ಸ್ ಆಫ್ ರೈಸ್’ ಇದೆ. ಫರ್ನಿಚರ್, ಲಗೇಜ್, ಇನ್ಫರ್ಮೇಶನ್ ಇವೂ ಇಂಗ್ಲಿಷಿನವರಿಗೆ ರಾಶಿಯ ಹೆಸರುಗಳು. ಕುರ್ಚಿಗೆ ‘ಎಸ್’ ಬರುತ್ತದೆ, ಫರ್ನಿಚರಿಗೆ ಬರುವುದಿಲ್ಲ.

ಉಚ್ಚಾರದಲ್ಲಿಯೂ ಉರ್ದು ಬಲ್ಲ ಮಗುವಿಗೆ ಒಂದು ಅನುಕೂಲವಿದೆ. ‘ಎಸ್’ ಎಲ್ಲೆಡೆ ‘ಸ’ ಎಂದು ಕೇಳಿಸುವುದಿಲ್ಲ. ಕ್ಯಾಟ್ಸ್, ಬುಕ್ಸ್, ಕಪ್ಸ್ ಪದಗಳಲ್ಲಿ ಅದು ಸೀನ್. ಡಾಗ್ಸ್, ಪೆನ್ಸ್, ಬಾಯ್ಸ್ ಪದಗಳಲ್ಲಿ ಅದು ‘ಜಮೀನ್’, ‘ಬಾಜಾರ್’ ಪದಗಳಲ್ಲಿರುವ ಜ಼ೇ. ಬಸ್, ಬಾಕ್ಸ್, ಬೆಂಚ್‌ನಂಥ ಪದಗಳಾದರೆ ನಡುವೆ ಒಂದು ‘ಇ’ ಸೇರಿ ‘ಇಜ಼್’ ಆಗುತ್ತದೆ. ಜ಼ೇ ಉಚ್ಚಾರ ಬಲ್ಲ ಮಗು ಇದನ್ನು ಒಂದೇ ದಿನದಲ್ಲಿ ಹಿಡಿಯುತ್ತದೆ.

ಈಗ ವಾಕ್ಯಕ್ಕೆ ಬರೋಣ. ಕನ್ನಡದಲ್ಲಿ ‘ರೈತ ಎತ್ತನ್ನು ನೋಡಿದ’ ಎಂದರೂ ‘ಎತ್ತನ್ನು ರೈತ ನೋಡಿದ’ ಎಂದರೂ ಅರ್ಥ ಒಂದೇ. ನೋಡಿದವನು ಯಾರೆಂದು ವಿಭಕ್ತಿ ಪ್ರತ್ಯಯ ಹೇಳುತ್ತದೆ. ಇಂಗ್ಲಿಷಿನ ನಾಮಪದಕ್ಕೆ ‘ಅನ್ನು’ ಇಲ್ಲ, ಉರ್ದುವಿನ ‘ಕೋ’ ಇಲ್ಲ. ಅಲ್ಲಿ ಕುಳಿತ ಜಾಗವೇ ಗುರುತು. ಕ್ರಿಯಾಪದದ ಮುಂದೆ ಕುಳಿತದ್ದು ಕರ್ತೃ, ಹಿಂದೆ ಕುಳಿತದ್ದು ಕರ್ಮ. ಜಾಗ ಬದಲಾದರೆ ಎತ್ತೇ ರೈತನನ್ನು ನೋಡುತ್ತದೆ!

ಕರ್ತೃ ಏಕವಚನವೋ ಬಹುವಚನವೋ ಎಂಬುದು ಕ್ರಿಯಾಪದಕ್ಕೂ ತಿಳಿಯಬೇಕು. ‘ದ ಬಾಯ್ ರನ್ಸ್’, ‘ದ ಬಾಯ್ಸ್ ರನ್’. ನಾಮಪದ ‘ಎಸ್’ ತೆಗೆದುಕೊಂಡರೆ ಕ್ರಿಯಾಪದ ಅದನ್ನು ಬಿಟ್ಟುಕೊಡುತ್ತದೆ. ಒಂದೇ ಟೋಪಿ, ಇಬ್ಬರು ಅಣ್ಣತಮ್ಮಂದಿರು ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಚಿಲ್ಡ್ರನ್, ಮೆನ್ ಇಂಥವಕ್ಕೆ ಮಾತ್ರ ಟೋಪಿ ಬೇಕಿಲ್ಲ.

ಇಲ್ಲೇ ನಮ್ಮ ಮಕ್ಕಳ ಇನ್ನೊಂದು ತಪ್ಪು ಕಾಣುತ್ತದೆ. ‘ಮೈ ಫಾದರ್ ಆರ್ ಎ ಫಾರ್ಮರ್’ ಎಂದು ಬರೆಯುತ್ತಾರೆ. ಕೆಂಪು ಗೆರೆ ಎಳೆಯುವ ಮೊದಲು ಯೋಚಿಸಿ. ಕನ್ನಡದಲ್ಲಿ ‘ಅಪ್ಪ ಬಂದರು’, ಉರ್ದುವಿನಲ್ಲಿ ‘ಅಬ್ಬಾ ಆಯೇ ಹೈಂ’. ಎರಡರಲ್ಲೂ ಗೌರವಕ್ಕೆ ಬಹುವಚನ. ತಂದೆಗೆ ‘ಈಸ್’ ಎಂದರೆ ಬೇಅದಬಿ ಆಗುವುದಿಲ್ಲವೇ ಸರ್ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಆಗುವುದಿಲ್ಲ, ಇಂಗ್ಲಿಷಿನಲ್ಲಿ ಲೆಕ್ಕಕ್ಕೆ ಮಾತ್ರ ಬಹುವಚನ ಎಂದು ಹೇಳಿದೆ. ಅಲ್ಲಿಯೂ ಒಂದು ಕಾಲದಲ್ಲಿ ನೀನು ಎನ್ನಲು ‘ದೌ’, ನೀವು ಎನ್ನಲು ‘ಯೂ’ ಇತ್ತು. ಕಾಲಕ್ರಮದಲ್ಲಿ ‘ದೌ’ ಬಳಕೆ ತಪ್ಪಿತು, ಎಲ್ಲರಿಗೂ ‘ಯೂ’ ಉಳಿಯಿತು. ಒಬ್ಬನೇ ಎದುರಿಗಿದ್ದರೂ ‘ಯೂ ಆರ್’ ಎನ್ನುವುದು ಅದಕ್ಕೇ. ಆ ಹುಡುಗನ ತಪ್ಪು ಅಜ್ಞಾನದ್ದಲ್ಲ, ಅದಬಿನದು.

ಬಂಧುಗಳೇ, ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. 2013ರಿಂದ 371(ಜೆ) ಕಲಮು ನಮ್ಮ ಭಾಗದ ಮಕ್ಕಳಿಗೆ ಸೀಟುಗಳಲ್ಲಿ, ನೌಕರಿಗಳಲ್ಲಿ ಮೀಸಲಾತಿಯ ಬಾಗಿಲು ತೆರೆಯಿತು. ಬಾಗಿಲವರೆಗೆ ನಡೆದು ಹೋಗಬೇಕಾದವರು ಮಕ್ಕಳೇ. ಇಂಗ್ಲಿಷಿಗೆ ಹೆದರಿ ಹತ್ತನೇ ತರಗತಿಯಲ್ಲೇ ಕುಳಿತುಬಿಟ್ಟವರನ್ನು ನಾವೆಲ್ಲ ಕಂಡಿದ್ದೇವೆ. ಆ ಹೆದರಿಕೆ ಹುಟ್ಟುವುದು ವ್ಯಾಕರಣದಿಂದಲ್ಲ, ಬಹಳ ಸಲ ಒಂದು ನಗೆಯಿಂದ.

ಆದ್ದರಿಂದ ಪಾಲಕರಲ್ಲಿ, ಶಿಕ್ಷಕರಲ್ಲಿ ನನ್ನದೊಂದೇ ಬಿನ್ನಹ. ಮಗು ತಪ್ಪು ಹೇಳಿದಾಗ, ಆ ತಪ್ಪು ಯಾವ ಭಾಷೆಯಿಂದ ಬಂತು ಎಂದು ಮೊದಲು ಕೇಳಿ. ಮನೆಯಲ್ಲಿ ದಖ್ಖನಿ, ತರಗತಿಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಆಳಂದದ ಗಡಿ ಹಳ್ಳಿಯಾದರೆ ಮರಾಠಿ. ಇಷ್ಟು ಭಾಷೆಗಳ ಬಹುವಚನ ಬಲ್ಲ ಮಗುವಿಗೆ ಒಂದು ‘ಎಸ್’ ಭಾರವಲ್ಲ.

‘ಟೂ ಬುಕ್ಕಾಂ’ ಎಂದು ಇಂದು ಯಾರಾದರೂ ಹೇಳಿದರೆ ನಾನು ಹೇಳುವುದು ಇಷ್ಟೇ: ಶಾಭಾಷ್ ಬೇಟಿ, ‘ಆಂ’ ತೆಗೆದು ‘ಎಸ್’ ಇಡು. ಅಂದು ಆ ಹುಡುಗಿಗೆ ಹೇಳದೇ ಹೋದ ಮಾತನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ.